ಮೂರಿದ್ದದ್ದು ಎಂಟಾಗಿ

ಮೂವತ್ತೊಂದು ವರ್ಷ ಚಿಗಟೇರಿ ಆಸ್ಪತ್ರೆಯಲ್ಲಿ
ಒಬ್ಬರ ಸೂಜಿ ಇನ್ನೊಬ್ಬರಿಗೆ ಚುಚ್ಚಿದವಳಲ್ಲ ನಾನು.
ವಿಯೆಟ್ನಾಂ ವೀಸಾಕ್ಕೆ ನಾಲ್ಕೂ ಜನರ ಅರ್ಜಿ ತುಂಬಿದ್ದು ನಾನೇ,
ಅಶೋಕ ರಸ್ತೆಯ ಸೈಬರಿನಲ್ಲಿ, ಕನ್ನಡಕ ಒರೆಸಿ ಒರೆಸಿ.
ಶಮ್ಷಾದಳದು ಸರಿ, ಕೊಟ್ರಮ್ಮನದು ಸರಿ,
ಸುಶೀಲಾ ಮೇರಿಯದೂ ಸರಿ.
ನನ್ನ ಪಾಸ್‌ಪೋರ್ಟಿನ ಮೂರು ಮಾತ್ರ
ಎಂಟಾಗಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು.

ಬೆಂಗಳೂರಿನ ಕೌಂಟರಿನ ಹುಡುಗಿ, ನನ್ನ ಮಗಳ ವಯಸ್ಸು,
'ಸಾರಿ ಆಂಟಿ, ಆಗಲ್ಲ' ಅಂದಳು.
ವಾರ್ಡಿನ ಬಾಗಿಲಲ್ಲಿ ನಾವೂ ಹಾಗೇ ಅನ್ನುತ್ತಿದ್ದೆವು,
ಅದೇ ದನಿಯಲ್ಲಿ.

ಮೂರು ವರ್ಷದ ಚೀಟಿ ದುಡ್ಡು.
'ನಾವೂ ಹೋಗಲ್ಲ ಬಿಡು' ಕೊಟ್ರಮ್ಮ ಚೀಲ ಇಳಿಸಿದಳು.
'ನಡೀರೇ ಸಾಕು, ದುಡ್ಡೇನು ಬೇಲೀಲಿ ಬಿಡುತ್ತಾ' ಅಂತ
ನಾನೇ ದಬ್ಬಿದೆ.
ಶಮ್ಷಾದ್ ಹಿಂದಿರುಗಿ ಬಂದು ನನ್ನ ಮುಷ್ಟಿಯೊಳಗೆ
ಅವಳ ಮನೆ ಬೀಗದ ಕೈ ತುರುಕಿದಳು.
ಅವಳಿಗೆ ಗೊತ್ತು,
ಹಾರ ಹಾಕಿ ಕಳಿಸಿದ ಓಣಿಗೆ, ಹೋಳಿಗೆ ಕಟ್ಟಿಕೊಟ್ಟ ಅತ್ತೆಯ ಮುಂದೆ
ಮಾರನೇ ದಿನವೇ ನಾನು ಹೋಗಿ ನಿಲ್ಲಲಾರೆ.

ರಾತ್ರಿ ರೈಲಿಗೆ ದಾವಣಗೆರೆ.
ಬೆಳಗಿನ ಜಾವ ಆಟೋದವನು ಹೊಸ ಪೆಟ್ಟಿಗೆ ನೋಡಿ
'ಫಾರಿನ್ನಿಂದ ಬಂದ್ರಾ ಅಮ್ಮಾ' ಅಂದ, ಇಪ್ಪತ್ತು ಜಾಸ್ತಿ ಕೇಳಿದ.
ಕೊಟ್ಟೆ.

ಆರು ದಿನ ನನ್ನ ವಿದೇಶ
ಆಜಾದ್ ನಗರದ ಮಂಡಕ್ಕಿ ಭಟ್ಟಿಗಳ ನಡುವೆ.
ನಾಲ್ಕಕ್ಕೇ ಮರಳು ಕಾಯುತ್ತೆ, ಅಕ್ಕಿ ಸಿಡಿಯುತ್ತೆ,
ಕಿಟಕಿ ಮುಚ್ಚಿದರೂ ಮಸಿ ಒಳಗಿಳಿಯುತ್ತೆ.
ನಮ್ಮ ಮನೆಗೆ ಎರಡೇ ಕಿಲೋಮೀಟರು,
ಇಲ್ಲಿ ನಾನು ಯಾರ ಸೊಸೆಯೂ ಅಲ್ಲ.
ಹೋಳಿಗೆ ಒಬ್ಬಳೇ ತಿಂದು ಮುಗಿಸಿದೆ, ನಿಂತುಕೊಂಡೇ.
ಅತ್ತೆಗೆ ದಿನಾ ಸಂಜೆ ಫೋನು:
'ಚೆನ್ನಾಗಿದೀನಿ. ಇಲ್ಲಿ ಮಳೆ.'

ಮಳೆಯ ಸುದ್ದಿ ಸುಳ್ಳಲ್ಲ. ಅವರು ಹೇಳುತ್ತಿದ್ದರು.
ಕಾಗದಗಳ ಫೈಲು ನನ್ನ ಚೀಲದಲ್ಲೇ ಉಳಿದಿತ್ತಲ್ಲ,
ಹೊತ್ತಿಲ್ಲದ ಹೊತ್ತಲ್ಲಿ ಫೋನು.
'ಹೋಟೆಲಿನ ನಂಬರ್ ಹೇಳೇ.' ಹೇಳಿದೆ.
'ಬಿರುಗಾಳಿಯಂತೆ, ದೋಣಿ ಬಿಡಲ್ವಂತೆ, ಮುಂದೇನೇ?'
ಬಸ್ಸು ಹತ್ತಿ ಅಂದೆ.
ಹತ್ತಿದರು. ಬೇರೆ ಬಸ್ಸು.
ಬಾಯಿಗೆ ಬಾರದ ಹೆಸರಿನ ಊರಲ್ಲಿ ಇಳಿದು
ಕೊಟ್ರಮ್ಮ ಅತ್ತಳು, ನೀರಿಗೂ ಮೀನಿನ ವಾಸನೆ ಅಂತ;
ಅವಳ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದ ಪೆಟ್ಟಿಗೆ
ಸಿಂಗಾಪುರದಲ್ಲೇ ಇಳಿದುಕೊಂಡಿತ್ತು.
ಸುಶೀಲಾ ಮೇರಿ ಮೆಟ್ಟಿಲು ತಪ್ಪಿದಳು.
ಊದಿದ ಪಾದ ವಿಡಿಯೋದಲ್ಲಿ ತುಂಬಿಕೊಂಡಿತು.
'ಬೆರಳು ಆಡಿಸು' ಅಂದೆ. ಆಡಿಸಿದಳು.
ಮೂರು ಜನ ನರ್ಸುಗಳು ಅಲ್ಲಿ,
ಹೇಳುವವಳು ಇಲ್ಲಿ.

ಆ ರಾತ್ರಿ ಯಾರೂ ಫೋನು ಇಡಲಿಲ್ಲ.
ಅಲ್ಲಿ ತಗಡಿನ ಮೇಲೆ ಮಳೆ,
ಇಲ್ಲಿ ಬಾಣಲೆಯಲ್ಲಿ ಅಕ್ಕಿ,
ನಡುವೆ ಶಮ್ಷಾದಳ ಗೊರಕೆ.
ಚಾರ್ಜು ಮುಗಿಯುವ ತನಕ ಕೇಳಿದೆ.

ಏಳನೆಯ ದಿನ ಸ್ಟೇಷನ್ನಿನಲ್ಲಿ ಪೆಟ್ಟಿಗೆ ಹಿಡಿದು ಕಾದೆ.
ಕುಂಟುತ್ತಾ, ಬೈದಾಡುತ್ತಾ ಇಳಿದವರ ನಡುವೆ
ನಾನೂ ಇಳಿದವಳಾಗಿ ಸೇರಿಕೊಂಡೆ.
ಓಣಿ ನೆರೆಯಿತು. ಕಥೆ ಹೇಳಿದ್ದು ಹೆಚ್ಚು ನಾನೇ.
ಬಸ್ಸಿನ ನಂಬರ್ ಸಮೇತ, ಒಂದು ಅಂಕಿ ತಪ್ಪದಂತೆ.

ಅತ್ತೆ ಫೋಟೋ ಕಣ್ಣ ಹತ್ತಿರ ಹಿಡಿದರು.
ಕೊಟ್ರಮ್ಮನ ಪಕ್ಕದಲ್ಲಿ, ಹೆಣೆದ ಟೋಪಿಯಡಿ
ಮುಖ ಕಾಣದ ಹೆಂಗಸು, ಆ ಊರವಳು,
ಮೂವರಿಗೂ ಮಲಗಲು ಚಾಪೆ ಕೊಟ್ಟವಳಂತೆ.
'ಟೋಪಿ ನಿನಗೆ ಒಪ್ಪುತ್ತೆ' ಅಂದರು.
ಆಮೇಲೆ ಸೆರಗಿನ ತುದಿಯಿಂದ ನನ್ನ ಕತ್ತು ಒರೆಸಿ,
ಬಂದ ಕಪ್ಪು ನೋಡಿ, ಮೂಗಿಗೆ ಹಿಡಿದು,
'ಅಲ್ಲೂ ಮಂಡಕ್ಕಿ ಹುರೀತಾರೇನೇ?'